ಹಳ್ಳವನ್ನು ಕಾಲುವೆ ಮಾಡಿದ್ದು

ನಮ್ಮ ಓಣಿ ರಂಗಂಪೇಟೆ ದಾಟಿದ ಮೇಲೆ ಹಳ್ಳದ ದಂಡೆಗೆ ಇದೆ. ಹಳ್ಳ ಸುರಪುರದ ಕಲ್ಲುಗುಡ್ಡಗಳಿಂದ ಇಳಿದು ಬಂದು, ಮುಂದೆ ಎಲ್ಲೋ ಕೃಷ್ಣೆಗೆ ಸೇರುತ್ತದೆ. ನೀರಾವರಿ ಕಾಲುವೆ ಬರುವ ಮೊದಲು ಅದು ಮಳೆಗಾಲದಲ್ಲಿ ಹರಿದು ಶಿವರಾತ್ರಿ ಹೊತ್ತಿಗೆ ಒಣಗುತ್ತಿತ್ತು. ಒಣಗಿದ ಮೇಲೂ ಉಸುಕಿನ ಕೆಳಗೆ ನೀರು ಇರುತ್ತಿತ್ತು. ಹಳ್ಳ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಹೆಂಗಸರು ಉಸುಕು ತೋಡಿ ಕೂತರೆ, ಕುಣಿಯಲ್ಲಿ ನೀರು ನಿಧಾನವಾಗಿ ಜಿನುಗುತ್ತಿತ್ತು. ಅದಕ್ಕೆ ನಾವು ವರತಿ ಅನ್ನುತ್ತೇವೆ. ಮೊದಲು ಬಂದ ರಾಡಿ ನೀರು ಚೆಲ್ಲಿ, ತಿಳಿಯಾದ ಮೇಲೆ ಚರಗಿಯಿಂದ ಕೊಡ ತುಂಬಬೇಕು. ಊರ ಬಾವಿಗೆ ನಮ್ಮ ಓಣಿಯವರನ್ನು ಬಿಡುತ್ತಿರಲಿಲ್ಲ. ವರತಿಯೇ ನಮ್ಮ ಬಾವಿ.

ನಮ್ಮಲ್ಲಿ ಹೆರಿಗೆಯಾದ ಹೆಣ್ಣುಮಗಳು ನೀರಿನ ಕೊಡ ಮುಟ್ಟುವುದಿಲ್ಲ, ಒಲೆಯ ಹತ್ತಿರ ಹೋಗುವುದಿಲ್ಲ. ಬಾಣಂತನದ ದಿನ ತುಂಬಿದ ಮೇಲೆ ಅವಳು ವರತಿಗೆ ಹೋಗಿ ಸಣ್ಣ ಕಲ್ಲುಗಳನ್ನು ತೊಳೆದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಕೈ ಮುಗಿಯುತ್ತಾಳೆ. ಆಮೇಲೆ ಒಂದು ಕೊಡ ನೀರು ತಲೆಯ ಮೇಲೆ ಹೊತ್ತು ತರುತ್ತಾಳೆ. ಅವತ್ತಿನ ಅಡುಗೆ ಆ ನೀರಿನಿಂದಲೇ. ಇದಕ್ಕೆ ಗಂಗೀ ಪೂಜಿ ಎಂದು ಹೆಸರು.

ಕಾಲುವೆ ಬಂದಾಗ ನಾನು ಸಣ್ಣವನು. ಬೇಸಿಗೆಯಲ್ಲೂ ಹಳ್ಳ ಹರಿಯತೊಡಗಿದ್ದನ್ನು ನೋಡಲು ಜನ ದಂಡೆಗೆ ಬಂದು ನಿಲ್ಲುತ್ತಿದ್ದರು. ಮೇಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಹಳ್ಳದಲ್ಲಿ ಹರಿಯುತ್ತಿದ್ದದ್ದು ಆ ಗದ್ದೆಗಳಿಂದ ಬಸಿದ ನೀರು. ಅದರ ಜೊತೆ ಗೊಬ್ಬರ ಬಂತು, ಬೆಳೆಗೆ ಹೊಡೆಯುವ ಎಣ್ಣೆ ಬಂತು. ನಮ್ಮಲ್ಲಿ ಕೀಟನಾಶಕಕ್ಕೂ ಎಣ್ಣೆ ಎಂದೇ ಅನ್ನುವುದು. ಪೇಟೆಯ ಗಟಾರವೂ ಬಂದು ಕೂಡಿತು. ಆಳೆತ್ತರ ಆಪಿನ ಹುಲ್ಲು ಬೆಳೆದು ನೀರು ಕಾಣದಂತಾಯಿತು. ಅಷ್ಟರಲ್ಲಿ ಓಣಿಗೆ ನಳ ಬಂದಿತ್ತು. ವರತಿ ತೋಡುವುದು ನಿಂತಿತು. ಬಾಣಂತಿಯರು ನಳದ ಬುಡದಲ್ಲೇ ಪೂಜೆ ಮಾಡತೊಡಗಿದರು.

ನಾನು ಶಾಲೆ ಬಿಟ್ಟು ರಂಗಂಪೇಟೆಯಲ್ಲಿ ಸ್ಪ್ರೇ ಪಂಪು ರಿಪೇರಿ ಮಾಡುವ ಅಂಗಡಿಗೆ ಸೇರಿದ್ದೆ. ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ ಮತ್ತೆ ಪುಸ್ತಕ ಹಿಡಿದು ಹತ್ತನೇ ತರಗತಿ ಪಾಸಾದೆ. ಆ ವರ್ಷವೇ ತಂಗಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳ ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೆಣ್ಣು ಕೂಸು ಹುಟ್ಟಿತು. ದಿನ ತುಂಬಿತು. ಅವ್ವ ಎಲೆ ಅಡಿಕೆ ತಂದಿಟ್ಟಳು. ತಂಗಿ ಏಳಲಿಲ್ಲ.

"ನಳದ ಬುಡಕ ಕುಂತು ನಾ ಪೂಜಿ ಮಾಡಂಗಿಲ್ಲ," ಅಂದಳು.

"ಎಲ್ಲಾರೂ ಅಲ್ಲೇ ಮಾಡಾಕತ್ತಾರ. ನೀ ಏನ್ ಮಹಾರಾಣಿ ಏನು?"

"ನನ್ನ ಹಡದಾಗ ನೀ ಎಲ್ಲಿಂದ ತಂದಿ?"

"ವರತಿಯಿಂದ ತಂದೆ. ಆವಾಗ ಅದು ಹಳ್ಳ ಇತ್ತು. ಈಗ ಅದಕ್ಕ ಎಮ್ಮಿ ಸುದ್ದಾ ಬಾಯಿ ಹಾಕಂಗಿಲ್ಲ."

"ಹಂಗಾರ ಸ್ವಚ್ಛ ಮಾಡಸ್ರಿ." ನನ್ನ ಕಡೆ ತಿರುಗಿದಳು. "ಯಣ್ಣಾ, ಹತ್ತನೇತ್ತ ಪಾಸಾದಿ ಅಂತ ಮನ್ಯಾಗ ನಿನ್ನ ಫೋಟೋ ಹಾಕ್ಯಾರ. ಇಷ್ಟರ ಮಾಡಂಗಿಲ್ಲೇನು?"

ಅವಳ ಹಟ ನಮಗೆ ಗೊತ್ತಿತ್ತು. ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋಗಬೇಕು. ಪೂಜೆ ಆಗದೆ ಹೋದರೆ ಅಲ್ಲಿ ಅತ್ತೆ ಒಲೆ ಮುಟ್ಟಲು ಬಿಡುವುದಿಲ್ಲ. ಅಲ್ಲಿಯ ತನಕ ಕಾಯುತ್ತೇನೆ ಎಂದು ಕೂತಳು. ಅವ್ವ ನೋಯುವ ಮೊಣಕಾಲಿನಲ್ಲಿ ಎಲ್ಲ ನೀರನ್ನೂ ತಾನೇ ಹೊತ್ತು, ಹೊತ್ತಷ್ಟೂ ಬೈದಳು.

ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದರು. ಅವರ ಮನೆಯಲ್ಲಿ ಬುದ್ಧನ ಫೋಟೋ ಒಂದೇ, ಪೂಜೆ ಪುನಸ್ಕಾರ ಇಲ್ಲ. ಆದರೂ ನಾನು ಹೋಗಿ ಹೇಳಿದಾಗ, "ಪೂಜಿ ನಿಮ್ಮದು, ಹಳ್ಳ ಎಲ್ಲಾರದು. ನಡೀರಿ," ಅಂದರು. ಬೇಸಿಗೆಯ ಕೊನೆಗೆ ಕಾಲುವೆ ಬಂದ್ ಆಗಿ ಹಳ್ಳದ ನೀರು ಇಳಿದ ಮೇಲೆ ಮನೆಗೊಬ್ಬರಂತೆ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಇಳಿದೆವು.

ನಮ್ಮ ಓಣಿಯ ಗಂಡಸರಲ್ಲಿ ಕಾಲುವೆಯ ಕೆಲಸಕ್ಕೆ ಹೋಗದವರು ಇರಲಿಲ್ಲ. ಕಾಲುವೆ ಕಡಿಯುವಾಗ ಮಣ್ಣು ಹೊತ್ತವರು, ಆಮೇಲೆ ಪ್ರತಿ ವರ್ಷ ಹೂಳು ತೆಗೆಯಲು ಕೂಲಿಗೆ ಹೋದವರು. ನೀರು ಹರಿಯುವ ಜಾಗವನ್ನು ಸ್ವಚ್ಛ ಮಾಡುವುದು ಅಂದರೆ ಅವರ ಕೈಗೆ ಒಂದೇ ಕೆಲಸ ಗೊತ್ತಿತ್ತು. ಎರಡು ಕಡೆ ಗೂಟ ಬಡಿದು ದಾರ ಕಟ್ಟಿದರು. ಆಪನ್ನು ಬೇರು ಸಮೇತ ಕಿತ್ತರು. ದಂಡೆಗಳನ್ನು ಇಳಿಜಾರಾಗಿ ಕೆತ್ತಿದರು. ದಾರಕ್ಕೆ ಅಡ್ಡ ಬಂದ ತಿರುವನ್ನು ಕಡಿದು ನೇರ ಮಾಡಿದರು. ತಳದ ಕರಿ ಕೆಸರನ್ನೂ ಅದರ ಕೆಳಗಿನ ಉಸುಕನ್ನೂ ಹೂಳು ಎಂದೇ ಎತ್ತಿ ದಂಡೆಯಾಚೆ ಹಾಕಿದರು.

"ಗಟ್ಟಿ ನೆಲ ಬರೂತನಕ ತಗೀರಿ," ಎಂದು ಮಾಸ್ತರರೂ ಮೇಲೆ ನಿಂತು ಹೇಳಿದರು.

ಯಾರಿಗೂ ಏನೂ ಅನ್ನಿಸಲಿಲ್ಲ. ಚಹಾ ತಂದ ಹೆಂಗಸರು, ವರತಿ ತೋಡಿ ಕೈ ಸವೆಸಿದವರು ಕೂಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೋಡುತ್ತ ನಿಂತರು. ಪಕ್ಕದ ಮನೆಯ ಕಾಕಾ ದಾರ ಬಿಚ್ಚಿ ಸುತ್ತುತ್ತ, "ಇದರಾಗ ಇನ್ನ ಶಹಾಪುರದ ಬಸ್ಸು ಬಿಡಬೌದ್ ನೋಡ್ರಿ," ಅಂದ. ಎಲ್ಲರೂ ನಕ್ಕರು. ನನಗೂ ಹೆಮ್ಮೆಯಾಗಿತ್ತು. ತಂಗಿ ಕೂಸನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಸುದ್ದಿ ಕೇಳಿದಳು. ಪೂಜೆಗೆ ದಿನ ಗೊತ್ತು ಮಾಡಿದಳು.

ಆ ದಿನ ಬರುವ ಮೊದಲೇ ಕಾಲುವೆಗೆ ನೀರು ಬಿಟ್ಟರು. ಮೇಲೆ ಗದ್ದೆಗಳಿಗೆ ನೀರು ಕಟ್ಟಿದರು, ಬಸಿದದ್ದು ಹಳ್ಳಕ್ಕೆ ಇಳಿಯಿತು. ಮೊದಲು ಆಪಿನ ಬುಡದಲ್ಲಿ ತಡೆದು ತಡೆದು ಬರುತ್ತಿದ್ದ ನೀರು ಈಗ ನೇರ ಬಂತು. ಪೇಟೆಯ ಗಟಾರದ ನೀರೂ ಹಾಗೇ ಬಂತು. ಮುಂಜಾನೆ ತಂಗಿ ಹೊಸ ಸೀರೆ ಉಟ್ಟು, ತಾಮ್ರದ ಕೊಡ ಹಿಡಿದು, ಅವ್ವನ ಜೊತೆ ದಂಡೆಗೆ ಬಂದಳು. ನಾನು ಹಿಂದೆ ನಡೆದಿದ್ದೆ. ನೀರಿನ ಮೇಲೆ ಬಿಳಿ ನೊರೆ ಇತ್ತು. ದಿನಾ ಅಂಗಡಿಯಲ್ಲಿ ನನ್ನ ಕೈಗೆ ಹತ್ತುವ ವಾಸನೆ ಅಲ್ಲಿ ಇತ್ತು.

ದಂಡೆಗೆ ಸರಿದು ತೋಡಿದರೆ ತಿಳಿನೀರು ಬಂದೀತು ಎಂದು ಅವ್ವ ಕೂತು ಸಣ್ಣ ಗುದ್ದಲಿ ಹಾಕಿದಳು. ಅದು ಟಣ್ ಅಂದಿತು. ಮತ್ತೊಂದು ಕಡೆ ಹಾಕಿದಳು. ಅಲ್ಲೂ ಗರಸು, ಗಟ್ಟಿ ನೆಲ.

"ಉಸುಕ ಎಲ್ಲಿ ಹೋತೋ?" ಎಂದು ನನ್ನ ಕಡೆ ನೋಡಿದಳು.

ಉಸುಕು ದಂಡೆಯಾಚೆ ಗುಡ್ಡೆಯಾಗಿ ಬಿದ್ದಿತ್ತು. ಆಗಲೇ ಕೆಲವರು ಅದನ್ನು ಮನೆ ಕಟ್ಟಲು ಒಯ್ದಿದ್ದರು.

ತಂಗಿ ಹಳ್ಳದ ಉದ್ದಕ್ಕೂ ನೋಡಿದಳು. "ಯಣ್ಣಾ, ಇದು ಕಾಲುವಿ. ಕಾಲುವಿಗಿ ಯಾರು ಗಂಗೀ ಪೂಜಿ ಮಾಡತಾರ?" ಅಂದಳು. ಸಿಟ್ಟು ಮಾಡಲಿಲ್ಲ. ಖಾಲಿ ಕೊಡ ಹಿಡಿದು ಓಣಿಗೆ ತಿರುಗಿ ಬಂದು, ನಳದ ಬುಡದ ಪಾಚಿ ತಿಕ್ಕಿ ತೊಳೆದು, ಅಲ್ಲೇ ಪೂಜೆ ಮಾಡಿದಳು. ಮುಂದಿನ ವಾರ ಕಡೇಚೂರಿನ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತ ಮೇಲೆ ಕೂಸಿನ ಟೊಪ್ಪಿಗೆ ಸರಿಮಾಡುತ್ತಿದ್ದಳು.

ಮುಂದಿನ ಕೆಲಸ ನಿಧಾನದ್ದು, ಹೇಳಲು ಹೆಚ್ಚಿಲ್ಲ. ಮಾಸ್ತರರು ಯಾದಗಿರಿಗೆ ಹೋಗಿ ತಿಳಿದವರನ್ನು ಕೇಳಿ ಬಂದರು. ನಾವು ಕಡಿದು ನೇರ ಮಾಡಿದ ಜಾಗಕ್ಕೆ ಬಂಡೆ ಉರುಳಿಸಿ ನೀರನ್ನು ಹಳೆಯ ತಿರುವಿಗೆ ತಿರುಗಿಸಿದೆವು. ಗುಡ್ಡದ ಇಳಿಜಾರಿನಲ್ಲಿ ಮಳೆ ನೀರು ನಿಲ್ಲಲೆಂದು ಕಲ್ಲಿನ ಒಡ್ಡು ಇಟ್ಟೆವು. ಅವುಗಳಲ್ಲಿ ಅರ್ಧ ಮೊದಲ ದೊಡ್ಡ ಮಳೆಗೆ ಹೋದವು, ಮತ್ತೆ ಇಟ್ಟೆವು. ಅಂಗಡಿಯ ಹಿಂದೆ ಒಂದು ತಗ್ಗು ತೆಗೆದು, ಪಂಪು ತೊಳೆಯುವವರು ಅಲ್ಲೇ ತೊಳೆಯಿರಿ ಅಂದೆ. ಕೆಲವರು ತೊಳೆದರು. ಕೆಲವರು ಈಗಲೂ ಹಳ್ಳಕ್ಕೇ ಹೋಗುತ್ತಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ಮೇಲಿನ ಗದ್ದೆಯವನನ್ನು ಒಪ್ಪಿಸುವುದು. ಗದ್ದೆಯ ನೀರು ಹಳ್ಳಕ್ಕೆ ಬೀಳುವ ಮೊದಲು ಕೊನೆಯ ಮಡಿಯಲ್ಲಿ ನಿಂತು, ಆಪಿನಲ್ಲಿ ಸೋಸಿ ಬರಬೇಕಿತ್ತು.

"ಮೊನ್ನಿ ಆಪು ಕಸ ಅಂತ ನೀವ ಕಿತ್ತೀರಿ. ಈಗ ನನ್ನ ಗದ್ಯಾಗ ಹಚ್ಚು ಅಂತೀರಿ. ತೆಲಿ ನೆಟ್ಟಗದ ಏನೋ ತಮ್ಮಾ ನಿನಗ?"

"ಹೌದ್ರಿ ಮಾಮಾ, ನಾವ ಕಿತ್ತೀವಿ."

"ಹಂಗಾರ ನಿಮ್ಮ ಮನಿ ಅಂಗಳದಾಗ ಹಚ್ಕೋ ಹೋಗು."

ಎರಡು ಬೆಳೆ ಹೀಗೇ ಕಳೆದವು. ಆ ಕೊನೆಯ ಮಡಿಯಲ್ಲಿ ಸದಾ ನೀರು ನಿಂತು ಪೈರು ಕೊಳೆಯುತ್ತಿತ್ತು. ಮೂರನೆಯ ಬೆಳೆಗೆ ಅವನು ನಾಟಿ ಹಚ್ಚುವುದನ್ನೇ ಬಿಟ್ಟ. ಆಪು ತಾನೇ ಬಂತು. ನಮಗಾಗಿ ಬಿಟ್ಟೆ ಎಂದು ಅವನು ಆಮೇಲೆ ಎಲ್ಲರ ಮುಂದೆ ಹೇಳಿದ. ನಾವೂ ಹೂಂ ಅಂದೆವು.

ಮಳೆಗಳು ತಿರುವಿಗೆ ಉಸುಕು ತಂದು ಹಾಕಿದವು. ಎರಡನೇ ಹೆರಿಗೆಗೆ ತಂಗಿ ಬಂದಾಗ ಅಲ್ಲಿ ವರತಿ ತೋಡುವಷ್ಟು ಉಸುಕು ಇತ್ತು. ನೀರು ತಿಳಿಯಾಗಿ ಜಿನುಗಿತು. ಮಾಸ್ತರರು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು. ಮೈ ತೊಳೆಯಲು, ಬಟ್ಟೆ ಒಗೆಯಲು ಅಡ್ಡಿಯಿಲ್ಲ, ಕುಡಿಯಲು ಮಾತ್ರ ಬೇಡ ಎಂದು ಉತ್ತರ ಬಂತು. ಅವ್ವನಿಗೆ ಇದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ. ಮಾಸ್ತರರೇ ತಂಗಿಗೆ ಹೇಳಿದರು.

ದಿನ ತುಂಬಿದ ಮೇಲೆ ಅವಳು ವರತಿಯ ಮುಂದೆ ಕೂತು ಪೂಜೆ ಮಾಡಿ, ಕೊಡ ತುಂಬಿ ಹೊತ್ತು ತಂದಳು. ಅವ್ವ ಒಲೆ ಹೊತ್ತಿಸಿ, ಅನ್ನಕ್ಕೆ ಎಸರಿಡಲು ಪಾತ್ರೆ ಹಿಡಿದು ನಿಂತಿದ್ದಳು. ತಂಗಿ ಅವಳನ್ನು ದಾಟಿ ಬಚ್ಚಲಿಗೆ ಹೋಗಿ, ಹಂಡೆಗೆ ಆ ನೀರು ಸುರಿದಳು.

"ಅಡಗಿಗಿ ಇಡದ ಎಲ್ಲಿ ಹಾಕತೀಯೇ?" ಅವ್ವ ಕೂಗಿದಳು.

"ಮೈಮ್ಯಾಗ ಎರಕೋತೀನಿ. ಅಡಗಿಗಿ ನಳದ್ದ ಇಡು."

"ಅದು ಪದ್ಧತಿ ಅಲ್ಲ."

"ಅಲ್ಲ, ಗೊತ್ತದ. ನಾ ಅಂತೂ ಇನ್ನ ಹಡಿಯಂಗಿಲ್ಲ. ಆ ನೀರಿನ ಅಡಗಿ ಏನಿದ್ರೂ ಮುಂದ ನನ್ನ ಮಗಳು ಹಡದಾಗ ಮಾಡ್ಬೇಕು," ಎಂದು ಬಚ್ಚಲ ಬಾಗಿಲು ಎಳೆದುಕೊಂಡಳು. ಅವ್ವ ಪಾತ್ರೆ ಹಿಡಿದು ನಳದ ಕಡೆ ಹೋದಳು.