ಲಾಕ್‌ಡೌನಿನಲ್ಲಿ ಹೊರಬೀಡು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುತ್ತಿರುವುದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಒಂದಷ್ಟು ಕಣ್ಣಾರೆ ಕಂಡದ್ದು, ಒಂದಷ್ಟು ಊರವರು ಹೇಳಿದ್ದು, ಉಳಿದದ್ದು ನಾನೇ ಹೇಳಿ ಹೇಳಿ ನಂಬಿಕೊಂಡದ್ದು. ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತ ವಿದ್ಯೆಯೆಂದರೆ ಸಂಶಯಪಡುವುದು. ಅದನ್ನು ಬಹಳ ಕಾಲ ಬೇರೆಯವರ ಮಾತಿನ ಮೇಲೆ ಧಾರಾಳವಾಗಿ ಪ್ರಯೋಗಿಸಿದೆ. ನನ್ನ ನೆನಪಿನ ಮೇಲೆ ಪ್ರಯೋಗಿಸತೊಡಗಿದ್ದು ಇತ್ತೀಚೆಗೆ.

ಕಳೆದ ವಾರ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಚರಂಡಿಗೆ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊರೊನಾದ ಮೊದಲ ಬೇಸಿಗೆ ಎದ್ದು ಬಂದು ಪಕ್ಕದಲ್ಲಿ ಕೂತಿತು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಕೆಲವರಿಗೆ ಸ್ಯಾನಿಟೈಸರ್, ಕೆಲವರಿಗೆ ಶುಂಠಿ ಕಷಾಯ. ನನಗೆ ಬ್ಲೀಚಿಂಗ್ ಪೌಡರ್, ಅದರ ಬೆನ್ನಿಗೇ ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಕೊಟ್ರಮ್ಮ.

ಚಿಗವ್ವ ಆಗ ನಮ್ಮೂರಿನ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ನಮ್ಮೂರು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರು ಕದಲಲಿಲ್ಲ, ವಿಳಾಸ ಮಾತ್ರ ನಡೆದುಹೋಯಿತು. ಸೀಟು ಮಹಿಳೆಗೆ ಮೀಸಲಾಗಿದ್ದರಿಂದ ಚಿಗಪ್ಪ ಆಕೆಯನ್ನು ಚುನಾವಣೆಗೆ ನಿಲ್ಲಿಸಿದ್ದ. ಗೆದ್ದ ಮೇಲೆ ಕುರ್ಚಿಯಲ್ಲಿ ತಾನು ಕೂತ. ಸಭೆಗೆ ಹೋಗುವವನು ಅವನು, ಮೈಕು ಹಿಡಿಯುವವನು ಅವನು. ಚಿಗವ್ವ ಕುರಿಗಳಿಗೆ ನೀರು ಕುಡಿಸಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ಸಹಿ ಮಾಡುವವಳು. ಊರವರು ಚಿಗಪ್ಪನನ್ನೇ ಅಧ್ಯಕ್ಷರು ಎನ್ನುತ್ತಿದ್ದರು. ಪ್ರಜಾಪ್ರಭುತ್ವದ ಬಗ್ಗೆ ಉದ್ದುದ್ದ ಲೇಖನ ಬರೆಯುತ್ತಿದ್ದ ನಾನೂ ಹಾಗೆಯೇ ಅನ್ನುತ್ತಿದ್ದೆ.

ಲಾಕ್‌ಡೌನ್ ಆದಾಗ ನಾನು ಊರಲ್ಲೇ ಸಿಕ್ಕಿಕೊಂಡೆ. ಸರ್ಕಾರ ಆ ದಿನಗಳಲ್ಲಿ ನಮಗೆ ಬಹಳ ಹತ್ತಿರವಾಗಿತ್ತು. ಯಾರಿಗೆ ಫೋನ್ ಮಾಡಿದರೂ ಮೊದಲು ಅದೇ ಕೆಮ್ಮುತ್ತಿತ್ತು. ಆದೇಶಗಳು ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಬಳ್ಳಾರಿಗೆ ಇಳಿದು, ಕೊನೆಗೆ ನಮ್ಮ ಪಂಚಾಯ್ತಿಯ ಕಟ್ಟೆಗೆ ಬಂದು ನಿಲ್ಲುತ್ತಿದ್ದವು. ಪರವೂರಿನಿಂದ ಬಂದವರನ್ನು ಎರಡು ವಾರ ಶಾಲೆಯಲ್ಲಿ ಇರಿಸಬೇಕೆಂಬ ಆದೇಶವನ್ನು ಚಿಗಪ್ಪ ಮೈಕಿನಲ್ಲಿ ಸಾರಿದ.

"ಯಾರರ ಇರ್ಲಿ, ಎಂಥಾ ದೊಡ್ಡಾಂವರ ಇರ್ಲಿ, ಸೀದಾ ಸಾಲಿಗೆ!"

ಸಾರಿದವನು ಮರುದಿನವೇ ಬೈಕು ಹತ್ತಿ ಒಳದಾರಿ ಹಿಡಿದು ಹೂವಿನಹಡಗಲಿಯ ಬೀಗರ ಮನೆಗೆ ಹೋದ. ಅಲ್ಲಿ ಮಲ್ಲಿಗೆ ಕೊಳ್ಳುವವರಿಲ್ಲದೆ ಗಿಡದಲ್ಲೇ ಬಾಡುತ್ತಿತ್ತಂತೆ. ಬೀಗರು ಒಂದು ಚೀಲ ಹೂವು ತುಂಬಿ ಕೊಟ್ಟರು. ಚಿಗಪ್ಪ ಘಮಘಮಿಸುತ್ತ ಹಿಂದಿರುಗಿದಾಗ, ಊರ ಬಾಯಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿಕೊಂಡು ನೀರುಗಂಟಿ ಹಾಲಪ್ಪ ಕಾವಲು ಕೂತಿದ್ದ.

"ಬೇಲಿ ತಗಿಯೋ ಹಾಲಪ್ಪ, ಅಧ್ಯಕ್ಷ ಬಂದೀನಿ."

"ಅಧ್ಯಕ್ಷರು ಮನಿಯಾಗ ಅದಾರಲ್ರಿ. ತಡೀರಿ, ಕೇಳ್ಕೊಂಡು ಬರ್ತೀನಿ."

ಹಾಲಪ್ಪ ತಾನು ಹಾಗೆ ಅನ್ನಲೇ ಇಲ್ಲ ಎಂದು ಇವತ್ತಿಗೂ ವಾದಿಸುತ್ತಾನೆ. ಇರಬಹುದು. ಚಿಗವ್ವ ಬಂದದ್ದಂತೂ ನನಗೆ ನೆನಪಿದೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು ದೂರದಲ್ಲೇ ನಿಂತಳು.

"ಹೂವು ಅಲ್ಲೇ ಇಡ್ರಿ. ನೀವು ಸಾಲಿಗೆ ನಡೀರಿ. ಮೈಕಿನಾಗ ಒದರಿದಾವ್ರು ನೀವ ಅಲ್ಲೇನು?"

ಮೊದಮೊದಲು ಚಿಗಪ್ಪ ಶಾಲೆಯ ಕಿಟಕಿಯಿಂದಲೇ ಆಡಳಿತ ನಡೆಸಿದ. ಚಿಗವ್ವ ಬುತ್ತಿ ತಂದು ಕಟ್ಟೆಯ ಮೇಲಿಟ್ಟು ದೂರ ಸರಿದರೆ, ಅವನು ರೊಟ್ಟಿ ಮುರಿಯುತ್ತ ಅಪ್ಪಣೆ ಕೊಡಿಸುತ್ತಿದ್ದ. ಆಕೆ ಹೂಂಗುಟ್ಟಿ ಹೋಗಿ ಹಾಗೆಯೇ ಮಾಡುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಊರಿಗೆ ರೋಗ ಬಂತೆಂಬ ಸುದ್ದಿ ಹಬ್ಬಿತು. ಹಿರಿಯರು ಸಿದ್ದಪ್ಪಜ್ಜನನ್ನು ಮುಂದಿಟ್ಟುಕೊಂಡು ಚಿಗವ್ವನ ಬಾಗಿಲಿಗೆ ಬಂದರು. ಹೊರಬೀಡು ಬಿಡಬೇಕು ಎಂದರು.

ಹೊರಬೀಡು ಎಂದರೆ, ಊರಿಗೆ ರೋಗದ ಭಯ ಬಂದಾಗ ಒಂದು ದಿನದ ಮಟ್ಟಿಗೆ ಊರನ್ನೇ ಬಿಟ್ಟು ಹೋಗುವುದು. ಹೊತ್ತು ಮೂಡುವ ಮೊದಲೇ ಎಲ್ಲರೂ ಮನೆಗೆ ಬೀಗ ಜಡಿದು, ದನ ಕುರಿ ಕೋಳಿಗಳ ಸಮೇತ ಹೊರಡುತ್ತಾರೆ. ದಿನವಿಡೀ ಮರದಡಿ ಅಡುಗೆ, ಊಟ, ಹರಟೆ. ಸಂಜೆ ವಾಪಸು. ಆ ದಿನ ಊರೊಳಗೆ ಒಂದು ಒಲೆಯೂ ಉರಿಯಬಾರದು, ಒಂದು ನರಪಿಳ್ಳೆಯೂ ಉಳಿಯಬಾರದು. ಸರ್ಕಾರ ಮನೆಯಿಂದ ಹೊರಗೆ ಬರಬೇಡಿ ಎನ್ನುತ್ತಿತ್ತು. ಊರು ಮನೆಯೊಳಗೆ ಇರಬಾರದು ಎನ್ನುತ್ತಿತ್ತು. ನಡುವೆ ನಿಂತವಳು ಚಿಗವ್ವ.

"ನೀ ಹೂಂ ಅನ್ನವಾ, ಬಿಡವಾ. ನಾವಂತೂ ಹೋಗಾವ್ರು. ಎಲ್ಲಾರೂ ಊರಮ್ಮನ ತೋಪಿನಾಗ ಇರ್ತೀವಿ," ಎಂದ ಸಿದ್ದಪ್ಪಜ್ಜ.

ಊರಿಗೆ ಊರೇ ಒಂದು ತೋಪಿನಲ್ಲಿ ಸೇರಿದರೆ ಪೊಲೀಸರು ಬರುತ್ತಾರೆ, ಕೇಸು ಬೀಳುವುದು ಅಧ್ಯಕ್ಷೆಯ ಮೇಲೆ. ತಾನೇ ಪೊಲೀಸರನ್ನು ಕರೆಸಿದರೆ ಈ ಊರಲ್ಲಿ ಮತ್ತೆ ಯಾರೂ ಆಕೆಯ ಮಾತಿಗೆ ಕಿವಿಗೊಡುವುದಿಲ್ಲ. ಚಿಗಪ್ಪ ಕಿಟಕಿಯಿಂದ, "ತಹಶೀಲ್ದಾರ ಸಾಹೇಬ್ರು ಬ್ಯಾಡ ಅಂದಾರ ಅಂತ ಹೇಳಿ ಕೈ ತೊಳ್ಕೊ" ಎಂದ. ನಾನು ವೈರಾಣುವಿನ ಬಗ್ಗೆ ಪುಟ್ಟ ಭಾಷಣ ಮಾಡಿ, ಇದೆಲ್ಲ ಮೂಢನಂಬಿಕೆ ಎಂದೆ.

"ಹೊರಬೀಡು ಬಿಟ್ರ ರೋಗ ಹೋಗ್ತೈತಿ ಅಂತ ನಾ ಎಲ್ಲಿ ಅಂದೀನಪ್ಪ?" ಎಂದಳು ಚಿಗವ್ವ. "ಮಂದಿ ಅಂಜ್ಯಾರ. ಅಂಜಿದಾವ್ರಿಗೆ ಸುಮ್ನ ಕುಂದರ್ರಿ ಅಂದ್ರ ಕುಂದರ್ತಾರೇನು?"

ಆಮೇಲೆ ನನ್ನ ಫೋನಿನಿಂದಲೇ ತಾಲೂಕು ಕಚೇರಿಗೆ ಫೋನ್ ಹಚ್ಚಿಸಿದಳು. ಸರ್ಕಾರ ಕೆಮ್ಮಿ ಮುಗಿಸಿದ ಮೇಲೆ ಸಾಹೇಬರು ಸಿಕ್ಕರು.

"ಸಾಹೇಬ್ರ, ಹೊಲದ ಕೆಲಸಕ್ಕ ಹೋಗಾಕ ಪರ್ಮಿಶನ್ ಐತಲ್ರಿ?"

"ಐತಮ್ಮ. ದೂರ ದೂರ ಇರಬೇಕು ಅಷ್ಟೆ."

"ಹಂಗಾರ ನಾಳಿದ್ದು ನಮ್ಮೂರಿನಾವ್ರು ಎಲ್ಲಾರೂ ಹೊಲಕ್ಕ ಹೋಗ್ತಾರ್ರಿ. ಅವರವರ ಹೊಲಕ್ಕ. ಕೋಳಿನೂ ಹಿಡ್ಕೊಂಡು."

ಸಾಹೇಬರು, "ಕೋಳಿ ವಿಷಯ ನಾ ಕೇಳಿಲ್ಲಮ್ಮ" ಎಂದು ಫೋನಿಟ್ಟರು. ನಕ್ಕು ಇಟ್ಟರೆಂದು ನನ್ನ ನೆನಪು. ಅದು ನಾನೇ ಸೇರಿಸಿದ್ದೂ ಇರಬಹುದು.

ಹಾಗೆ ತೋಪು ಬಿಟ್ಟು, ಒಂದೊಂದು ಮನೆಗೆ ಒಂದೊಂದು ಹೊಲ ಎಂದಾಯಿತು. ಹೊಲವೇ ಇಲ್ಲದವರು ಎಲ್ಲಿಗೆ ಹೋಗಬೇಕೆಂದು ಕೇರಿಯ ದುರುಗಪ್ಪ ಕೇಳಿದ.

"ಅಜ್ಜಾ, ನಿನ್ನ ಹೊಲದಾಗ ಎರಡು ಹುಣಸಿಮರ ಅದಾವು. ಒಂದು ದುರುಗಪ್ಪನ ಮನಿಯಾವ್ರಿಗೆ ಇರ್ಲಿ," ಎಂದಳು ಚಿಗವ್ವ.

ಸಿದ್ದಪ್ಪಜ್ಜ ಗಂಟಲು ಕೆರೆದ. "ಅದು ಹೆಂಗಾಗ್ತೈತಿ ಕೊಟ್ರವ್ವ..."

"ಒಂದ ಮನಿ ಊರಾಗ ಉಳಿದ್ರೂ ಹೊರಬೀಡು ಕೆಡ್ತೈತಿ ಅಂದಾಂವ ನೀನ ಹೌದಿಲ್ಲೋ?"

ಕೇರಿಯ ಪ್ರತಿ ಮನೆಗೂ ಒಂದು ಮರ ಸಿಕ್ಕಿತು. ಮರ ಕೊಟ್ಟವರೆಲ್ಲ ಮನಸ್ಸಿನಿಂದ ಕೊಟ್ಟರೆಂದು ನಾನು ಹೇಳಲಾರೆ, ಆದರೆ ಕೊಟ್ಟರು.

ಇನ್ನು ಉಳಿದದ್ದು ಚಿಗಪ್ಪ. ಆದೇಶದ ಪ್ರಕಾರ ಅವನು ಶಾಲೆಯಿಂದ ಕದಲುವಂತಿಲ್ಲ, ಪದ್ಧತಿಯ ಪ್ರಕಾರ ಊರೊಳಗೆ ಇರುವಂತಿಲ್ಲ. ಉಪಾಯ ಸರಳವಾಗಿತ್ತು. ಶಾಲೆ ಊರಿನ ಅಂಚಿನಲ್ಲಿತ್ತು, ಮುಳ್ಳಿನ ಬೇಲಿಯನ್ನು ಶಾಲೆಯ ಈಚೆಗೆ ಸರಿಸಿದರಾಯಿತು, ಶಾಲೆ ಊರ ಹೊರಗಾಗುತ್ತದೆ. ಈ ಉಪಾಯ ನನ್ನದೇ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಹಾಲಪ್ಪನೂ ತನ್ನದೆನ್ನುತ್ತಾನೆ. ಚಿಗವ್ವ ಮಾತ್ರ ಆ ವಿಷಯ ಎತ್ತುವುದಿಲ್ಲ, ಆದ್ದರಿಂದ ಬಹುಶಃ ಆಕೆಯದೇ.

ಬೇಲಿ ಎಳೆಯುವುದನ್ನು ಕಂಡು ಚಿಗಪ್ಪ ಕಿಟಕಿಯ ಸರಳು ಹಿಡಿದು ಕೂಗಿದ. "ಏನ ಇದು? ನನ್ನ ಊರ ಬಿಡಿಸ್ತೀಯೇನು?"

"ಒಂದಿನ ಅಷ್ಟ. ಸಂಜಿಮುಂದ ಮತ್ತ ಊರಾಗ ತಗೋತೀವಿ," ಎಂದಳು ಚಿಗವ್ವ.

ಆ ದಿನದಷ್ಟು ಚೆಂದದ ದಿನವನ್ನು ನಾನು ಆ ವರ್ಷದಲ್ಲಿ ಮತ್ತೆ ಕಾಣಲಿಲ್ಲ. ಹೊಲಗಳ ತುಂಬ ದೂರದೂರಕ್ಕೆ ಹೊಗೆ ಏಳುತ್ತಿತ್ತು. ಒಂದು ಮರದವರು ಇನ್ನೊಂದು ಮರದವರಿಗೆ, "ಏನ್ ಪಲ್ಯ ಮಾಡೀರಿ?" ಎಂದು ಕೂಗುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಗಾಳಿಯಲ್ಲಿ ವಾಸನೆಯೇ ಬಂದಿರುತ್ತಿತ್ತು. ವಾರಗಟ್ಟಲೆ ಮುಖ ಮುಚ್ಚಿಕೊಂಡಿದ್ದವರು ಬಾಯ್ತುಂಬ ನಕ್ಕರು. ರೋಗ ಮುಂದಿನ ವರ್ಷ ನಮ್ಮೂರಿಗೂ ಬಂತು, ಇಬ್ಬರನ್ನು ಒಯ್ದಿತು. ಹೊರಬೀಡು ಯಾರನ್ನೂ ಉಳಿಸಿತೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಅವತ್ತು ಊರಲ್ಲಿ ಭಯ ಇಳಿದದ್ದನ್ನು ಕಂಡಿದ್ದೇನೆ.

ಹೊರಬೀಡಿನ ಬೆನ್ನಿಗೇ, ಅದೇ ವರ್ಷ, ಪಂಚಾಯ್ತಿಯ ಅವಧಿ ಮುಗಿಯಿತು. ರೋಗದ ಕಾರಣಕ್ಕೆ ಚುನಾವಣೆ ಮುಂದೆ ಹೋಗಿ, ಆಡಳಿತಾಧಿಕಾರಿ ಬಂದರು. ಅಂದರೆ ಬಂದರೆಂದು ಕೇಳಿದೆವು. ಮಂದಿ ಮಾತ್ರ ನೀರು, ಬೀದಿದೀಪ ಎಂದು ಮನೆಗೇ ಬರುತ್ತಿದ್ದರು. ಜಗಲಿಯ ಮೇಲೆ ಕೂತ ಚಿಗಪ್ಪನಿಗೆ ನಮಸ್ಕಾರ ಹೇಳಿ, "ಅಧ್ಯಕ್ಷರು ಒಳಗ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಚುನಾವಣೆ ಬಂದಾಗ ಚಿಗವ್ವ ಮತ್ತೆ ನಿಂತಳು. ಈಗ ಚಿಗಪ್ಪನನ್ನು ಕೇಳಿದರೆ, "ಆ ಸಲನೂ ಹೆಣ್ಮಕ್ಕಳಿಗೆ ಮೀಸಲಿತ್ತು, ಅದಕ್ಕ ನಾನ ನಿಲ್ಲಿಸಿದೆ" ಎನ್ನುತ್ತಾನೆ. ನನ್ನ ನೆನಪು ಬೇರೆ. ಚಿಗಪ್ಪ ತಾನೇ ನಿಲ್ಲಲೆಂದು ಬಿಳಿ ಅಂಗಿ ಹೊಲಿಸಿದ್ದ. ಊಟಕ್ಕೆ ಕೂತಾಗ ಚಿಗವ್ವ ಅವನ ತಟ್ಟೆಗೆ ಸಾರು ಬಡಿಸುತ್ತ, "ಅಂಗಿ ಚೆಂದ ಐತಿ. ಪ್ರಚಾರಕ್ಕ ಹಾಕ್ಕೊಂಡು ಬರ್ರಿ, ನಾನ ನಿಂದರ್ತೀನಿ" ಎಂದಳು. ಆದರೆ ಇಂಥ ಚಂದದ ಮಾತನ್ನು ನೆನಪು ತಾನೇ ಹೆಣೆದುಕೊಳ್ಳುತ್ತದೆ ಎಂಬುದೂ ನನಗೆ ಗೊತ್ತು.

ಕೊಟ್ಟೂರಿನಲ್ಲಿ ಅವತ್ತು ಹರಪನಹಳ್ಳಿ ಬಸ್ಸು ಬಂತು, ನಾನು ಹತ್ತಲಿಲ್ಲ. ಊರಿನ ಬಸ್ಸು ಹಿಡಿದು ಸೀದಾ ಪಂಚಾಯ್ತಿ ಕಚೇರಿಗೆ ಹೋಗಿ ವಿಚಾರಿಸಿದೆ. ಅಂಗಿಯ ಮಾತು, ಹಾಲಪ್ಪನ ಮಾತು, ಸಾಹೇಬರ ನಗು, ಇವನ್ನೆಲ್ಲ ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದೊಂದು ಮಾತ್ರ ಖಾತ್ರಿ. ಆ ಸಲ ನಮ್ಮ ವಾರ್ಡಿನ ಸೀಟು ಸಾಮಾನ್ಯ ಸೀಟಾಗಿತ್ತು, ಗಂಡಸರೂ ನಿಲ್ಲಬಹುದಿತ್ತು.