ಪುತ್ತಿಗೆ ರಸ್ತೆಯ ಗಿಡಗಳು ಮತ್ತು ನಮ್ಮ ಕಾಂತಿ

ನನ್ನ ನಾದಿನಿ ಕಾಂತಿಯನ್ನು ಯಾರಾದರೂ "ಹುಲ್ಲು ತೆಗೆಯುವವಳು" ಎಂದು ಮೂತಿ ತಿರುಗಿಸಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹುಲ್ಲು ತೆಗೆಯುತ್ತಾಳೆ, ನಿಜ. ಮೂಡುಬಿದಿರೆ ಪುರಸಭೆಯಲ್ಲಿ ಅವಳಿಗಿರುವ ಕೆಲಸವೇ ಅದು: ರಸ್ತೆ ಬದಿಯ ಹುಲ್ಲು, ಪೊದೆ, ಗಾಳಿಗೆ ಬಿದ್ದ ಕೊಂಬೆ. ಹಾಗೆ ಹೇಳುವವರು ಆ ಹುಲ್ಲು ಕತ್ತರಿಸುವ ಮಿಷನನ್ನು ಒಂದು ಗಳಿಗೆ ಹೆಗಲಿಗೆ ಹಾಕಿಕೊಂಡು ನೋಡಲಿ.

ಮೊದಲು ಅವಳು ನನ್ನ ಜೊತೆ ಕೂತು ಬೀಡಿ ಕಟ್ಟುತ್ತಿದ್ದಳು. ಕಟ್ಟುತ್ತಿದ್ದಳು ಎನ್ನುವುದಕ್ಕಿಂತ ಎಲೆ ಹಾಳು ಮಾಡುತ್ತಿದ್ದಳು ಎಂದರೆ ಸರಿ. ಒಂದು ಕಡೆ ಕೂರುವುದೆಂದರೆ ಅವಳಿಗೆ ಶಿಕ್ಷೆ. ಪುರಸಭೆಯಲ್ಲಿ ಕೆಲಸ ಸಿಕ್ಕಾಗ ಮಿಷನ್ ಹೆಗಲಿಗೇರಿಸಿ ಹೊರಟೇಬಿಟ್ಟಳು. ಹೆಂಗಸಿನ ಕೈಯಲ್ಲಿ ಹುಲ್ಲಿನ ಮಿಷನ್ ಕಂಡು ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡಿದರು. ಒಂದು ಮಳೆಗಾಲ ನೋಡಿದರು. ಆಮೇಲೆ ಅವರಿಗೇ ಬೇಜಾರು ಬಂತು.

ಪುತ್ತಿಗೆಗೆ ಹೋಗುವ ರಸ್ತೆಯ ಬದಿ ಅವಳ ಪಾಲಿಗೆ ಬಂದಿತ್ತು. ಅಲ್ಲಿ ಪ್ರತಿ ಜೂನ್‌ನಲ್ಲಿ ವನಮಹೋತ್ಸವ. ನೇರಳೆ, ಹೊನ್ನೆ, ರೆಂಜೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಮಳೆ ಜೋರಾದ ಮೇಲೆ ಪೊದೆ ಎದ್ದು ಗಿಡಗಳೆಲ್ಲ ಮುಚ್ಚಿಹೋಗುತ್ತವೆ. ಕಾಂತಿ ಸುತ್ತಲಿನ ಪೊದೆ ಸವರಿ ಗಿಡಗಳ ಬುಡ ಬಿಡಿಸಿ ಬಂದರೂ ಕೆಲವೇ ದಿನಗಳಲ್ಲಿ ಮತ್ತೆ ಅದೇ ಕಾಡು. ಚೌತಿಯ ಮುಂಚಿನ ಭಾನುವಾರ ನಮ್ಮ ಯುವಕ ಸಂಘದ ಶ್ರಮದಾನ. ಮನೆಮನೆಯ ಹುಲ್ಲಿನ ಮಿಷನ್‌ಗಳೆಲ್ಲ ಅವತ್ತು ರಸ್ತೆಗಿಳಿಯುತ್ತವೆ. ಹಬ್ಬಕ್ಕೆ ಊರು ಚೊಕ್ಕ ಕಾಣಬೇಕಲ್ಲ! ಪೊದೆಯ ಜೊತೆಗೆ ಗಿಡವೂ ಸಪಾಟು. ನೆಟ್ಟವರೂ ಅವರೇ, ಬೋಳಿಸಿದವರೂ ಅವರೇ. ಯಾರಿಗೂ ಕೆಟ್ಟ ಬುದ್ಧಿ ಇಲ್ಲ. ಉತ್ಸಾಹ ತುಸು ಜಾಸ್ತಿ, ಅಷ್ಟೆ.

ಆದರೆ ಗಿಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಬೆರಳು ಹೋಗುವುದು ಕಾಂತಿಯ ಕಡೆಗೆ. ವರ್ಷವಿಡೀ ಮಿಷನ್ ಹಿಡಿದವಳು ಅವಳಲ್ಲವೇ? ಆ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಕಳೆದ ವರ್ಷ ಅವಳು ಹಟ ಹಿಡಿದಳು: ಈ ಸಲ ಒಂದು ಗಿಡವೂ ಹೋಗಬಾರದು.

ಅವಳ ಜೊತೆ ಕೆಲಸ ಮಾಡುವ ಚನಿಯಪ್ಪ ಒಂದು ಸುಲಭದ ದಾರಿ ಹೇಳಿದ. "ಗಿಡದ ಬುಡಕ್ಕೊಂದು ಕಲ್ಲು ಇಟ್ಟು ನಾಲ್ಕು ಹೂ ಹಾಕಿಬಿಡು. ದೈವ ಉಂಟು ಅಂತ ಯಾರೂ ಮುಟ್ಟುವುದಿಲ್ಲ."

ನಮ್ಮ ಕಡೆ ಅದು ನಡೆಯುವ ಉಪಾಯವೇ. ಕಾಂತಿ ಒಪ್ಪಲಿಲ್ಲ. "ಇಲ್ಲದ ದೈವವನ್ನು ಗಿಡ ಕಾಯಲಿಕ್ಕೆ ನಿಲ್ಲಿಸಬಾರದು ಚನಿಯಣ್ಣ. ನಾನೇ ನಿಲ್ತೇನೆ."

ಶ್ರಮದಾನದ ಆ ಭಾನುವಾರ ಅವಳಿಗೆ ರಜೆ. ಚಹಾ ಕೂಡ ಕುಡಿಯದೆ ಹೊರಟಿದ್ದಳು. ನಾನು ಗೊಣಗಿಕೊಂಡೇ ಫ್ಲಾಸ್ಕ್ ಹಿಡಿದು ಹಿಂದೆ ಹೋದೆ. ಅಷ್ಟರಲ್ಲಿ ಸಂಘದ ಮಿಷನ್‌ಗಳೆಲ್ಲ ಸಾಲಾಗಿ ಗುಡುಗುತ್ತಾ ಬರುತ್ತಿದ್ದವು. ಎಲ್ಲರಿಗಿಂತ ಮುಂದೆ ಅಧ್ಯಕ್ಷ ಅಭಯಚಂದ್ರ; ಪೇಟೆಯಲ್ಲಿ ಟೈಲ್ಸ್ ಅಂಗಡಿ ಇರುವವರು. ಕಾಂತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಪೊದೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಕಾಂತಿಯಕ್ಕ, ಬದಿಗೆ ಹೋಗಿ! ಕಲ್ಲು ಹಾರ್ತದೆ!" ಅಭಯಚಂದ್ರ ಕೂಗಿದರು.

"ಹಾರಲಿ. ಇಲ್ಲಿ ಗಿಡ ಉಂಟು."

"ಎಂತ ಗಿಡ? ಬರೀ ಕಾಡು ಕಾಣ್ತದೆ ಮಾರಾಯ್ತಿ."

ಅವಳು ಬಗ್ಗಿ ಪೊದೆಯನ್ನು ಎರಡೂ ಕೈಯಿಂದ ಸರಿಸಿದಳು. ಒಳಗೆ ಮೊಣಕಾಲೆತ್ತರದ ರೆಂಜೆ ಗಿಡ, ತುದಿಯಲ್ಲಿ ಹೊಸ ಚಿಗುರು.

"ನೀವೇ ನೆಟ್ಟದ್ದು ಅಭಯಣ್ಣ. ಬಿಳಿ ಅಂಗಿ ಹಾಕಿದ್ರಿ. ಮಳೆ ಹೊಯ್ತಾ ಇತ್ತು, ನೀವು ಫೋಟೋಕ್ಕೆ ನೀರೂ ಹೊಯ್ದ್ರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಭಯಚಂದ್ರ ಮಿಷನ್ ಆಫ್ ಮಾಡಿದರು. ಕೋಪ ಬರುತ್ತದೆಂದು ನಾನು ಹೆದರಿದ್ದೆ. ಅವರು ಗಿಡವನ್ನೇ ನೋಡುತ್ತಾ ನಿಂತು, "ಬದುಕಿದೆಯಲ್ಲ!" ಎಂದರು. ಆಮೇಲೆ, "ಈಗ ಎಂತ ಮಾಡುವ?"

"ನಾನು ಕತ್ತಿ ಹಿಡಿದು ಮುಂದೆ ಹೋಗಿ ಬುಡ ಬಿಡಿಸ್ತೇನೆ. ನೀವೆಲ್ಲ ಹಿಂದಿನಿಂದ ಬನ್ನಿ. ನಾನು ಕೈ ಇಳಿಸಿದಲ್ಲಿ ಮಾತ್ರ ಮಿಷನ್."

ಮಧ್ಯಾಹ್ನದವರೆಗೂ ಹಾಗೆಯೇ ನಡೆಯಿತು. ಅವಳು ಕೈ ಎತ್ತಿದರೆ ಮಿಷನ್‌ಗಳೆಲ್ಲ ನಿಲ್ಲುತ್ತಿದ್ದವು, ಇಳಿಸಿದರೆ ಶುರು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ? ಫ್ಲಾಸ್ಕಿನ ಚಹಾ ತಣ್ಣಗಾಗಿತ್ತು. ಬೈಯುವುದಕ್ಕೂ ಮನಸ್ಸಾಗಲಿಲ್ಲ.

ಈ ಜೂನ್‌ನಲ್ಲಿ ಮತ್ತೆ ವನಮಹೋತ್ಸವ. ಶಾಮಿಯಾನ ಹಾಕಿ, ಭಾಷಣ ಮುಗಿಸಿ, ಅತಿಥಿಗಳು ಗಿಡ ಹಿಡಿದು ರಸ್ತೆ ಬದಿಗೆ ಇಳಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಹಿಂದಿನ ವರ್ಷ ನೆಟ್ಟವೆಲ್ಲ ಎದೆಯೆತ್ತರಕ್ಕೆ ಬೆಳೆದು ಸಾಲಾಗಿ ನಿಂತಿದ್ದವು. ಗುಂಡಿ ತೋಡಲು ಎಡೆಯೇ ಇಲ್ಲ. ಕೈಯಲ್ಲಿ ಗಿಡ ಹಿಡಿದುಕೊಂಡು ಎಲ್ಲರೂ ಕಾಂತಿಯ ಮುಖ ನೋಡಿದರು.

ಅವಳು ಪಿಕಾಸಿ ಹೆಗಲಿಗೆ ಹಾಕಿಕೊಂಡಳು.

"ಇಲ್ಲಿ ಜಾಗ ಇಲ್ಲ ಸಾರ್. ಮುಂದೆ ಹೋಗುವ," ಎಂದು ನಡೆದೇಬಿಟ್ಟಳು. ಬಿಳಿ ಅಂಗಿಯವರೆಲ್ಲ ಅವಳ ಹಿಂದೆ ಹೋದರು.