ಆರನೆಯ ಕಂಬ

ಇದು ಯಾರೋ ಹೇಳಿದ ಕಥೆಯಲ್ಲ. ಆ ರಾತ್ರಿ ಅಲ್ಲಿದ್ದವಳು ನಾನೇ. ಜೊತೆಯಲ್ಲಿದ್ದ ಇನ್ನೊಬ್ಬರಿಗೂ ಆ ಸದ್ದು ಕೇಳಿಸಿದೆ. ಇಲ್ಲದಿದ್ದರೆ ನನ್ನ ಕಿವಿಯನ್ನು ನಾನೇ ನಂಬುತ್ತಿರಲಿಲ್ಲ.

ನಾನು ಮೈಸೂರಿನವಳು. ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಎಂಜಿನಿಯರ್. ಎರಡು ವರ್ಷದ ಹಿಂದೆ, ನಿಲಾಯ್‌ನಿಂದಾಚೆಗೆ ಒಂದು ಸಣ್ಣ ರೈಲು ನಿಲ್ದಾಣದ ದುರಸ್ತಿ ನಮ್ಮ ಪಾಲಿಗೆ ಬಂತು. ಊರಿನ ಹೆಸರು ಬೇಡ.

ಅದನ್ನು ಕಟ್ಟಿದವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಇಂಗ್ಲಿಷ್ ಎಂಜಿನಿಯರ್. ಅವನ ನೌಕರಿಯ ಕಡತದ ನಕಲು ನನ್ನ ಹತ್ತಿರವಿತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ನಮ್ಮ ಮೈಸೂರಿನ ಕಡೆ ರೈಲು ಹಾದಿಯ ನಕ್ಷೆ ಬರೆಯಲು ಬಂದವನು, ಆಮೇಲೆ ಸೇತುವೆ ಕಟ್ಟಿ, ಕೊನೆಗೆ ಹಡಗು ಹತ್ತಿ ಇಲ್ಲಿಗೆ, ಅಂದಿನ ಮಲಯಾಕ್ಕೆ ಬಂದು ಐದು ನಿಲ್ದಾಣ ಕಟ್ಟಿದ. ಇದು ಐದನೆಯದು. ಕಡತದ ಕೊನೆಯ ಹಾಳೆಗಳ ಕೈಬರಹ ಗೋಜಲಾಗಿತ್ತು. ಅವನ್ನು ಓದದೆ ಬಿಟ್ಟಿದ್ದೆ.

ರಾತ್ರಿ ರೈಲುಗಳ ಓಡಾಟ ನಿಂತ ಮೇಲೆಯೇ ನಮ್ಮ ಪರೀಕ್ಷೆ. ಆ ರಾತ್ರಿ ಒಂದೂವರೆಗೆ ನಾನು, ನಮ್ಮ ಕಂಪನಿಯ ಇನ್ನೊಬ್ಬ ಎಂಜಿನಿಯರ್ ಧಾರವಾಡದ ಶಿವಾನಂದ ಸರ್ ಇಬ್ಬರೇ ಪ್ಲಾಟ್‌ಫಾರ್ಮಿಗೆ ಇಳಿದೆವು. ಅವರು ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಮ್ಮಿ. ಬೆಳಿಗ್ಗೆ ಏಳಕ್ಕೆ ಹನ್ನೆರಡು ಕೆಲಸಗಾರರು ಚಾವಣಿ ಹತ್ತುವವರಿದ್ದರು. ಅಷ್ಟರೊಳಗೆ ಕಂಬಗಳೆಲ್ಲ ಸರಿಯಿವೆ ಎಂದು ನಾವು ಸಹಿ ಹಾಕಬೇಕಿತ್ತು.

ಎರಕದ ಕಬ್ಬಿಣದ ಹತ್ತು ಕಂಬಗಳು. ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ಕಿವಿಗೊಟ್ಟೆ; ಬಿರುಕಿದ್ದರೆ ಸದ್ದು ಒಡಕಾಗುತ್ತದೆ. ಎಲ್ಲವೂ ಗಂಟೆಯಂತೆ ಸ್ಪಷ್ಟವಾಗಿ ಮೊಳಗಿದವು. ಸುತ್ತಿಗೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಶಿವಾನಂದ ಸರ್ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ದೀಪದ ವೈರು ಸುತ್ತುತ್ತಿದ್ದರು.

ಟಣ್... ಟಣ್... ಟಣ್.

ತಿರುಗಿ ನೋಡಿದೆ. ಯಾರೂ ಇಲ್ಲ.

ದೂರದಿಂದ ಅವರ ದನಿ ಬಂತು. “ಮೇಡಂ, ಮತ್ತ ಯಾಕ ಬಡಿಯಾಕತ್ತೀರಿ? ಮುಗೀತಲ್ಲ?”

“ನಾನಲ್ಲ ಸರ್.”

ಅವರು ವೈರು ಅಲ್ಲೇ ಬಿಟ್ಟು ಬಂದರು. ಗಾಳಿಯಿರಲಿಲ್ಲ. ಎಲ್ಲಿಂದಲೋ ಚುಟ್ಟಾದ ಹೊಗೆಯ ವಾಸನೆ, ಅದರ ಹಿಂದೆಯೇ ಹಸಿ ಸುಣ್ಣದ ವಾಸನೆ... ಮತ್ತೆ ಮೂರು ಪೆಟ್ಟು. ಈ ಸಲ ಯಾವ ಕಂಬವೆಂದು ಗೊತ್ತಾಯಿತು. ಆರನೆಯದು. ಅಂಗೈ ಇಟ್ಟೆ. ಈಗಷ್ಟೇ ಯಾರೋ ಹೊಡೆದಂತೆ ಕಬ್ಬಿಣ ಇನ್ನೂ ನಡುಗುತ್ತಿತ್ತು.

ಮುಂದಿನ ಪೆಟ್ಟು ನನ್ನ ಕೈಗಿಂತ ಕೆಳಗೆ ಬಿತ್ತು. ಆಮೇಲಿನದು ಮೊಣಕಾಲಿನ ಮಟ್ಟದಲ್ಲಿ. ಕೊನೆಯದು ನೆಲದ ಹಾಸುಗಲ್ಲಿನ ಮೇಲೆ... ಅದು ಮೊಳಗಲಿಲ್ಲ. ಖಾಲಿ ಮಡಕೆ ತಟ್ಟಿದಂತೆ ಬೊದ್ದೆಂದಿತು.

ಶಿವಾನಂದ ಸರ್ ನನ್ನ ತೋಳು ಹಿಡಿದರು. ಮೆಲ್ಲಗೆ, “ನಡೀರಿ, ಹೊರಗ ಹೋಗೋಣು. ಹಿಂದ ನೋಡಬ್ಯಾಡ್ರಿ” ಎಂದರು.

ನೋಡಲಿಲ್ಲ. ಆದರೆ ಜಲ್ಲಿಕಲ್ಲಿನ ಮೇಲೆ ಬೂಟುಗಾಲಿನ ಸದ್ದು ಗೇಟಿನವರೆಗೂ ನಮ್ಮ ಪಕ್ಕದಲ್ಲೇ ಬಂತು. ನಾವು ನಿಂತಾಗ ಅದೂ ನಿಂತಿತು.

ಕಾರಿನ ಬಾಗಿಲು ಲಾಕ್ ಮಾಡಿಕೊಂಡು ಬೆಳಗಾಗುವವರೆಗೆ ಕೂತೆವು. ಆರು ಗಂಟೆಗೆ ಮ್ಯಾನೇಜರ್ ಫೋನ್ ಮಾಡಿ ವರದಿ ಕೇಳಿದರು. ಸಹಿ ಹಾಕುವುದಿಲ್ಲ, ಆರನೆಯ ಕಂಬದ ಬುಡ ಅಗೆದು ನೋಡಬೇಕು ಎಂದೆ. ಕಾರಣ ಕೇಳಿದರು. ಸದ್ದು ಸರಿಯಿಲ್ಲ ಎಂದೆ. ಒಂದು ದಿನದ ಕೆಲಸ ನಿಂತರೆ ನನ್ನ ನೌಕರಿಯೇ ಹೋಗಬಹುದು ಎಂದು ಅವರು ರೇಗಿದರು. ಆಗ ಶಿವಾನಂದ ಸರ್ ಫೋನ್ ಇಸಿದುಕೊಂಡು, ತಾವೂ ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿ ಕಟ್ ಮಾಡಿದರು.

ಸಹಿಯಿಲ್ಲದೆ ಯಾರೂ ಚಾವಣಿ ಹತ್ತುವಂತಿರಲಿಲ್ಲ. ಹತ್ತು ಗಂಟೆಗೆ ಹಾಸುಗಲ್ಲು ಎತ್ತಿದರು. ಕೆಳಗೆ ಮಣ್ಣೇ ಇರಲಿಲ್ಲ. ಆಳೆತ್ತರದ ಪೊಳ್ಳು. ಅಷ್ಟು ಭಾರದ ಕಂಬ ಸುತ್ತಲಿನ ಕಲ್ಲುಗಳ ಅಂಚಿಗೆ ಸಿಕ್ಕಿಕೊಂಡು ನಿಂತಿತ್ತು. ಹನ್ನೆರಡು ಜನ ಮೇಲೆ ಹತ್ತಿದ್ದರೆ... ಗುಂಡಿಯ ಅಂಚಿನಲ್ಲಿ ನಿಂತಿದ್ದ ಕೆಲಸಗಾರರೊಬ್ಬರು ಹೆಲ್ಮೆಟ್ ತೆಗೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಂದು ಸಂಜೆ ಮನೆಯಲ್ಲಿ ಕಡತದ ಕೊನೆಯ ಹಾಳೆಗಳನ್ನು ಬಿಡಿಸಿ ಓದಿದೆ. ಆ ಎಂಜಿನಿಯರ್ ಮೇಲಿನವರಿಗೆ ಮೂರು ಪತ್ರ ಬರೆದಿದ್ದ. ಆರನೆಯ ಕಂಬದ ಅಡಿಯಲ್ಲಿ ಮುಚ್ಚಿದ ಹಳ್ಳವಿದೆ, ಮೇಲೆ ತಟ್ಟಿದರೆ ತಿಳಿಯುವುದಿಲ್ಲ, ಉದ್ಘಾಟನೆ ಮುಂದೂಡಿ ಎಂದು ಬೇಡಿಕೊಂಡಿದ್ದ. ಯಾವುದಕ್ಕೂ ಉತ್ತರವಿಲ್ಲ. ಅದರ ಮುಂದಿನ ಹಾಳೆಯಲ್ಲಿ ಅವನನ್ನು ಕೆಲಸದಿಂದ ತೆಗೆದ ಆದೇಶ. ಅಲ್ಲಿಗೆ ಕಡತ ಮುಗಿಯುತ್ತದೆ. ಅವನು ಊರಿಗೆ ಮರಳಿದನೋ, ಇಲ್ಲೇ ಎಲ್ಲಾದರೂ ಸತ್ತನೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

ಶಿವಾನಂದ ಸರ್ ಈಗ ಹಗಲಿನ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ಆ ರಾತ್ರಿಯ ಮಾತೆತ್ತಿದರೆ ಎದ್ದು ಹೋಗುತ್ತಾರೆ. ನಾನು ಕೆಲಸ ಬಿಟ್ಟಿಲ್ಲ. ಆದರೆ ಯಾವ ಕಟ್ಟಡದಲ್ಲೇ ಆಗಲಿ, ಕಂಬ ತಟ್ಟಿದ ಮೇಲೆ ತಕ್ಷಣ ಅಲ್ಲಿಂದ ಸರಿಯಲು ಆಗುವುದಿಲ್ಲ. ಕಿವಿಗೊಟ್ಟು ಕಾಯುತ್ತೇನೆ. ಈವರೆಗೆ ಎಲ್ಲೂ ಏನೂ ಕೇಳಿಸಿಲ್ಲ. ಹಾಗೆಂದು ಧೈರ್ಯವಾಗಿ ಸಹಿ ಹಾಕಲು ಮಾತ್ರ ಇನ್ನೂ ಕೈ ಬರುತ್ತಿಲ್ಲ...